ಚಂದ್ರನ ಅಳತೆಯ ಗುಂಡಿ

ನಮ್ಮ ದೊಡ್ಡಪ್ಪನ ಕಂದು ಕೋಟಿನ ಬಲತೋಳಿನ ತುದಿಗೆ ಎರಡು ಪುಟ್ಟ ಗುಂಡಿಗಳಿದ್ದರೆ ಎಡತೋಳಿಗೆ ಒಂದೇ. ಇನ್ನೊಂದೇನೂ ಕಳೆದುಹೋಗಿರಲಿಲ್ಲ; ಚಂದ್ರನನ್ನು ಅಳೆಯಲೆಂದು ಅವರೇ ಅದನ್ನು ಕಿತ್ತು ಜೇಬಿನಲ್ಲಿಟ್ಟುಕೊಂಡಿದ್ದರು. ಬೀದಿಯ ತುದಿಯ ಮನೆಗಳ ಹಿಂದಿನಿಂದ ಹುಣ್ಣಿಮೆಯ ಚಂದ್ರ ಕೆಂಪಗೆ, ನಿಧಾನವಾಗಿ ಮೇಲೇಳುವಾಗ ಯಾರಾದರೂ ಮೈಮರೆತು "ಅಬ್ಬಾ, ಎಷ್ಟು ದೊಡ್ಡದು!" ಎಂದರೆ ಮುಗಿಯಿತು, ತುಸು ಎಡಕ್ಕೆ ವಾಲುವ ನಡಿಗೆಯಲ್ಲಿ ದೊಡ್ಡಪ್ಪ ಅಲ್ಲಿ ಪ್ರತ್ಯಕ್ಷರಾಗಿ, ಮೊದಲು ತಾವೊಮ್ಮೆ ಕೈ ಚಾಚಿ ಅಳೆದು, ಗುಂಡಿಯನ್ನು ಅವರ ಕೈಗಿತ್ತು, "ಕೈ ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ. ಮರೆಯಾಯ್ತಾ? ನೆತ್ತಿ ಮೇಲೆ ಬಂದಾಗಲೂ ಇದೇ ಅಳತೆ. ಚಂದ್ರ ಬೆಳೆದಿಲ್ಲ ಸ್ವಾಮಿ, ನಿಮ್ಮ ಕಣ್ಣಿನ ಭ್ರಮೆ" ಎನ್ನುತ್ತಿದ್ದರು.

ಅವರದು ಕನ್ನಡಕದಂಗಡಿ. ನೋಟದ ದೋಷವೆಂದರೆ ಅವರಿಗೆ ಸ್ವಂತ ಮನೆಯ ಅವಮಾನವಿದ್ದಂತೆ. ಹಗಲಲ್ಲೂ ಚಂದ್ರ ಯಾಕೆ ಕಾಣುತ್ತಾನೆ, ಅಮಾವಾಸ್ಯೆಯಂದು ಎಲ್ಲಿಗೆ ಹೋಗುತ್ತಾನೆ ಎಂದು ಗಿರಾಕಿಗಳು ಬೇಕೆಂದೇ ಕೆಣಕುತ್ತಿದ್ದರು. "ಚಂದ್ರನಿಗೆ ಎಷ್ಟು ಪವರ್ ಬೇಕು ಯಜಮಾನರೇ?" ಎಂದು ಎದುರಂಗಡಿಯ ಗಡಿಯಾರದವನು ಛೇಡಿಸುತ್ತಿದ್ದ. ಆ ಕೀಟಲೆ ಯಾವುದೂ ದೊಡ್ಡಪ್ಪನಿಗೆ ತಟ್ಟುತ್ತಿರಲಿಲ್ಲ. ಅಂಗಡಿಯ ಮೂಲೆಯಲ್ಲಿ ಕುಳಿತು ಸ್ವೆಟರ್ ಹೆಣೆಯುತ್ತಿದ್ದ ದೊಡ್ಡಮ್ಮನ ಕೈಯಿಂದ ಬಿಳಿ ಉಣ್ಣೆಯ ಉಂಡೆಯನ್ನು ಕಸಿದು, ಕಿಟಕಿಯ ಬಿಸಿಲಿಗೆ ಎತ್ತಿ ಹಿಡಿದು, ತಾವೇ ಭೂಮಿಯಾಗಿ ಬುಗುರಿಯಂತೆ ಸುತ್ತುತ್ತಾ, "ನೋಡಿ, ಇಲ್ಲಿ ಎಳೆ, ಇಲ್ಲಿ ಅರ್ಧ, ಇಲ್ಲಿ ಪೂರ್ತಿ! ಭೂಮಿಯ ನೆರಳೂ ಅಲ್ಲ, ಗಿರಳೂ ಅಲ್ಲ" ಎಂದು ಅವರು ಮುಗಿಸುವಷ್ಟರಲ್ಲಿ ನೂಲು ಮೊಣಕಾಲಿಗೆ ಸುತ್ತಿಕೊಂಡಿರುತ್ತಿತ್ತು. ಬಿಡಿಸುವ ಕೆಲಸ ಮಾತ್ರ ದೊಡ್ಡಮ್ಮನದು.

ನನ್ನ ಅಕ್ಕ ಮದುವೆಯಾದ ಹೊಸದರಲ್ಲಿ ಗಂಡನೊಡನೆ ನಮ್ಮ ಮನೆಯ ಬಾಲ್ಕನಿಯಲ್ಲಿ ನಿಂತು ಚಂದ್ರೋದಯ ನೋಡುತ್ತಿದ್ದಾಗಲೂ ಈ ಮನುಷ್ಯ ಇಬ್ಬರ ನಡುವೆ ತೂರಿ ಗುಂಡಿ ಚಾಚಿದ್ದರು. ಭಾವ ಇಂದಿಗೂ ಅದನ್ನು ಕ್ಷಮಿಸಿಲ್ಲ. "ದೊಡ್ಡದಾಗಿ ಕಂಡ್ರೆ ಕಾಣ್ಲಿ ಬಿಡಿ, ನಿಮ್ಮ ಗಂಟೇನು ಹೋಗುತ್ತೆ? ಕೊಡಿ ಇಲ್ಲಿ, ತೋಳಿಗೆ ಹೊಲಿದುಬಿಡ್ತೀನಿ" ಎಂದು ದೊಡ್ಡಮ್ಮ ಅಂದೂ ಗದರಿದರು. ಅವರು ಕೊಡಲಿಲ್ಲ.

ಆಮೇಲೆ ದೊಡ್ಡಮ್ಮನ ಹೆಣಿಗೆಯಲ್ಲಿ ಕೊಂಡಿಗಳು ತಪ್ಪತೊಡಗಿದವು. ಕಣ್ಣಿನ ಒಳಪರದೆ ನಟ್ಟನಡುವೆಯೇ ಸವೆದಿದೆ, ಇದಕ್ಕೆ ಕನ್ನಡಕವಿಲ್ಲ ಎಂದರು ವೈದ್ಯರು. ಊರಿಗೆಲ್ಲ ನೋಟ ಹಂಚಿದ ದೊಡ್ಡಪ್ಪ ಆ ಮಾತನ್ನು ನಂಬಲಿಲ್ಲ. ಅಂಗಡಿಯ ಗಾಜುಗಳ ಪೆಟ್ಟಿಗೆಯನ್ನು ಮನೆಗೆ ಹೊತ್ತು ತಂದು, ಊಟದ ಮೇಜಿನೆದುರು ಹೆಂಡತಿಯನ್ನು ಕೂರಿಸಿ, "ಇದು? ಹೋಗ್ಲಿ, ಇದು?" ಎಂದು ಒಂದರ ಮೇಲೊಂದು ಗಾಜು ಬದಲಿಸುತ್ತಿದ್ದ ಅವರ ದನಿ ದಿನದಿಂದ ದಿನಕ್ಕೆ ಇಳಿಯುತ್ತಿತ್ತು. ನನಗೆ ಅದನ್ನು ಕೇಳಲಾಗುತ್ತಿರಲಿಲ್ಲ.

ಒಂದು ಹುಣ್ಣಿಮೆಯ ಸಂಜೆ ದೊಡ್ಡಪ್ಪ, ದೊಡ್ಡಮ್ಮ, ನಾನು ಮೂವರೂ ಅದೇ ಬಾಲ್ಕನಿಯಲ್ಲಿದ್ದೆವು. ಗಾಳಿ ನಿಂತಿತ್ತು, ಮನೆಗಳ ಹಿಂದಿನಿಂದ ಚಂದ್ರ ಆಗಷ್ಟೇ ಮೇಲೆದ್ದಿದ್ದ. ದೊಡ್ಡಮ್ಮ ಮುಖವೆತ್ತಿ ಬಹಳ ಹೊತ್ತು ನೋಡಿದರು.

"ನೇರ ನೋಡಿದ್ರೆ ಚಂದ್ರ ಇಲ್ಲ ರೀ. ನಿಮ್ಮ ಗುಂಡಿ ಯಾರೋ ಅಡ್ಡ ಹಿಡಿದ ಹಾಗಿದೆ" ಎಂದರು. ಆಮೇಲೆ ಕಣ್ಣನ್ನು ಎದುರುಮನೆಯ ನೀರಿನ ಟ್ಯಾಂಕಿನತ್ತ ಹೊರಳಿಸಿ ಮೆಲ್ಲಗೆ ನಕ್ಕರು. "ಹಾಂ, ಈಗ ಪಕ್ಕದಲ್ಲಿ ಬಂತು. ಎಷ್ಟು ದೊಡ್ಡದಾಗಿದೆ, ಅಲ್ವಾ?"

ದೊಡ್ಡಪ್ಪನ ಕೈ ಅಭ್ಯಾಸಬಲದಿಂದ ಜೇಬಿಗೆ ಹೋಯಿತು. ಹೋದದ್ದು ಅಲ್ಲೇ ಉಳಿಯಿತು.

"ಹೌದು ಕಣೇ," ಎಂದರು, "ತುಂಬಾ ದೊಡ್ಡದು."

ಒಳಗೆ ಹೋದ ದೊಡ್ಡಪ್ಪ ಎಷ್ಟು ಹೊತ್ತಾದರೂ ಬರಲಿಲ್ಲ. ಇಣುಕಿದರೆ, ದೀಪದಡಿ ಕೋಟನ್ನು ತೊಡೆಯ ಮೇಲೆ ಹರಡಿಕೊಂಡು, ಸೂಜಿ ಚುಚ್ಚಿದ ಬೆರಳನ್ನು ಬಾಯಲ್ಲಿಟ್ಟು ಚೀಪುತ್ತಾ, ಗುಂಡಿಯನ್ನು ತಾವೇ ತೋಳಿಗೆ ಹೊಲಿಯುತ್ತಿದ್ದರು. ಅದು ಸೊಟ್ಟಗೆ ಕೂತಿತು. ಮತ್ತೆಂದೂ ಅವರು ಅದನ್ನು ಕೀಳಲಿಲ್ಲ.

ಕಂಡದ್ದನ್ನೆಲ್ಲ ಅಳೆದು ತಿದ್ದುವ ಇಂಥವರನ್ನು ನಾವು ಒಣ ಮನುಷ್ಯರೆಂದು ನಗುತ್ತೇವೆ. ಆದರೆ ಚಂದ್ರ ಅವರಿಗೆ ನಮಗಿಂತ ದೊಡ್ಡದಾಗಿಯೇ ಕಾಣುತ್ತಿದ್ದಿರಬೇಕು. ಇಲ್ಲದಿದ್ದರೆ, ಗೊತ್ತಿದ್ದ ಅಳತೆಯನ್ನು ಪ್ರತಿ ಹುಣ್ಣಿಮೆಗೂ ಮತ್ತೆ ಕೈ ಚಾಚಿ ನೋಡಿಕೊಳ್ಳುವ ಅಗತ್ಯ ಅವರಿಗೇನಿತ್ತು?