ಮದುವೆಯ ಕಾವಲು

"ಯಾರಾದ್ರೂ ಸತ್ತರೆ ಬರ್ತೀವಿ ಕಣಮ್ಮ. ಮದುವೆಗೆ ಬರೋ ಪದ್ಧತಿ ನಮ್ಮಲ್ಲಿಲ್ಲ," ಅಂದ ಎಲ್ಡನ್.

ಎಲ್ಡನ್ ಈ ವರ್ಷ ನಮ್ಮ ಶೆರಿಫರ, ಅಂದರೆ ಜನ ವೋಟು ಹಾಕಿ ಆರಿಸಿದ ಪೊಲೀಸ್ ಮುಖ್ಯಸ್ಥರ, ಸಂಘದ ಅಧ್ಯಕ್ಷ. ಬಾಯಲ್ಲಿ ನಾನೇ ಮಾಡಿ ತಂದ ಸೇಬಿನ ಪೈ ಇಟ್ಟುಕೊಂಡು ನನಗೇ ಇಲ್ಲ ಅಂತಿದ್ದ. ಸಭೆ ನಮ್ಮೂರ ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ. ಸುತ್ತಲಿನ ಕೌಂಟಿಗಳ, ಅಂದರೆ ಜಿಲ್ಲೆಗಳ, ಶೆರಿಫರೆಲ್ಲ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡು ಕೂತಿದ್ದರು. ನಾನು ಸದಸ್ಯಳಲ್ಲ. ಶೆರಿಫ್ ಓರಿನ್ ಟ್ವೈಟ್ ಕಚೇರಿಯಲ್ಲಿ ವೈರ್‌ಲೆಸ್ ಮುಂದೆ ಕೂರುವ ಅರ್ಡಿಸ್ ಅಷ್ಟೇ. ಸಭೆಗೆ ಕಾಫಿ ಬಗ್ಗಿಸಲು ಹೋಗಿದ್ದೆ. ಹೋದವಳು ಎದ್ದು ನಿಂತು ಕೇಳಿಬಿಟ್ಟೆ, ಯಾಕೆಂದರೆ ಓರಿನ್ ತಾನಾಗಿ ಕೇಳುವ ಪೈಕಿ ಅಲ್ಲ.

ವಿಷಯ ಇಷ್ಟೆ. ಶನಿವಾರ ಓರಿನ್‌ನ ಚಿಕ್ಕ ಮಗಳು ಸೋಲ್ವೇ ಮದುವೆ. ಹುಡುಗ ಕ್ಲೇಟನ್, ಓರಿನ್‌ಗಿರುವ ಒಬ್ಬನೇ ಡೆಪ್ಯುಟಿ. ಅಂದರೆ ನಮ್ಮ ಇಡೀ ಕೌಂಟಿಗೆ ಪೊಲೀಸರು ಮಾವ, ಅಳಿಯ ಇಬ್ಬರೇ. ಅಳಿಯ ಮದುಮಗನಾದ ಮೇಲೆ ಕಾವಲಿಗೆ ಉಳಿದವನು ಮಾವ ತಾನೆ? ದೊಡ್ಡ ಮಗಳ ಮದುವೆಯಲ್ಲಿ, ಆಗ ಡೆಪ್ಯುಟಿಯೇ ಇರಲಿಲ್ಲ, ಹಾಗೇ ಆಗಿತ್ತು. ಗೋಧಿ ಲಾರಿ ಮಗುಚಿದೆ ಅಂತ ಸುದ್ದಿ ಬಂತು, ಅವಳ ಕೈ ಹಿಡಿದು ಮದುಮಗನ ಕಡೆ ನಡೆಸಿಕೊಂಡು ಹೋಗುತ್ತಿದ್ದವನು ಚರ್ಚಿನ ನಡುಮಧ್ಯೆ ಬಿಟ್ಟು ಓಡಿದ. ಉಳಿದ ದೂರ ಆ ಹುಡುಗಿ ಒಬ್ಬಳೇ ನಡೆದಳು. ಅದನ್ನು ನೋಡಿದ್ದ ಸೋಲ್ವೇ ಈ ಸಲ ಮೊದಲೇ ಹೇಳಿದ್ದಳು: "ಅಪ್ಪ, ಕೊನೇತನಕ ಕೈ ಹಿಡ್ಕೊಂಡು ಬರ್ತೀನಿ ಅಂದ್ರೆ ಚರ್ಚಲ್ಲಿ ಮದುವೆ. ಇಲ್ಲಾಂದ್ರೆ ನಾವಿಬ್ರೂ ಕೋರ್ಟಿಗೆ ಹೋಗಿ ಸಹಿ ಹಾಕಿ ಬರ್ತೀವಿ. ಅರ್ಧ ದಾರೀಲಿ ಬಿಟ್ಟು ಹೋಗೋ ಅಪ್ಪ ನಂಗೆ ಬೇಡ." ಅವತ್ತಿಂದ ಓರಿನ್ ನೆಟ್ಟಗೆ ಊಟ ಮಾಡಿದ್ದನ್ನು ನಾನು ನೋಡಿಲ್ಲ.

ಸಂಘ ಅಂದರೆ ಸುಮ್ಮನೆ ಕಾಫಿ ಕುಡಿಯುವ ಕೂಟ ಅಂದುಕೊಳ್ಳಬೇಡಿ. ನಿನ್ನೆವರೆಗೆ ದನದ ವ್ಯಾಪಾರ ಮಾಡುತ್ತಿದ್ದವನು ಚುನಾವಣೆ ಗೆದ್ದು ಇವತ್ತು ಶೆರಿಫ್ ಆಗಿಬಿಡುತ್ತಾನೆ. ಅವನನ್ನು ಕೂರಿಸಿಕೊಂಡು ಜೈಲು ನಡೆಸುವುದು ಹೇಗೆ, ಮಗ ಸತ್ತ ಸುದ್ದಿಯನ್ನು ತಾಯಿಗೆ ಹೇಳುವುದು ಹೇಗೆ ಅಂತ ಕಲಿಸುವುದು ಸಂಘ. ರಾಜಧಾನಿಯಲ್ಲಿ ಕಾನೂನು ಮಾಡುವವರ ಮುಂದೆ ಎಲ್ಲರ ಪರವಾಗಿ ನಿಂತು ಮಾತಾಡುವುದೂ ಅದೇ. ಯಾವುದಾದರೂ ಕೌಂಟಿಯ ಡೆಪ್ಯುಟಿ ಸತ್ತರೆ ನೆರೆ ಕೌಂಟಿಯವರು ಕರೆಯದೆಯೇ ಬಂದು ಕಾವಲು ನಿಲ್ಲುತ್ತಾರೆ, ಅಲ್ಲಿಯವರೆಲ್ಲ ಕೂತು ಅಳಲಿ ಅಂತ. ನಾನು ಕೇಳಿದ್ದು ನಗುವುದಕ್ಕೂ ಹಾಗೇ ಬನ್ನಿ ಅಂತ.

"ಇವತ್ತು ಮದುವೆ ಅಂತೀಯ, ನಾಳೆ ಮಗೂಗೆ ಹೆಸರಿಡೋದು ಅಂತೀಯ, ನಾಡಿದ್ದು ಜಿಂಕೆ ಬೇಟೆ ಶುರುವಾಯ್ತು ಬನ್ನಿ ಅಂತೀಯ," ಅಂದ ಎಲ್ಡನ್.

"ಬೇಟೆಗೆ ಮೊದಲು ರಜ ಕೇಳೋನು ನೀನೇ," ಅಂತ ಹಿಂದಿನಿಂದ ಯಾರೋ ಅಂದರು. ಎಲ್ಲ ನಕ್ಕರು.

"ನಗ್ರಪ್ಪ ನಗ್ರಿ. ವೋಟು ಹಾಕಿದ ಜನ ಏನಂತಾರೆ? ಶೆರಿಫ್ ಕುಣೀತಿದ್ದ, ಪಕ್ಕದೂರೋರು ಕಾವಲಿದ್ರು ಅಂತ ಎದುರಾಳಿ ರಸ್ತೆ ತುಂಬ ಬೋರ್ಡ್ ನೆಡ್ತಾನೆ."

"ಓರಿನ್ ಕುಣಿಯೋದನ್ನ ನೋಡಿದೋರು ಪಾಪ ಅಂತಾನೇ ವೋಟು ಹಾಕ್ತಾರೆ," ಅಂದೆ.

ಓರಿನ್‌ನ ಕಿವಿ ಕೆಂಪಾಗಿತ್ತು. "ಅರ್ಡಿಸ್, ಕೂತ್ಕೊ ನೀನು. ನಾನು ಯಾರನ್ನೂ ಏನೂ ಕೇಳಿಲ್ಲ. ನನ್ನ ಕೌಂಟಿ ನಾನು ನೋಡ್ಕೋತೀನಿ."

ಆಗ ಪಡುವಣ ಕೌಂಟಿಯ ಲೀಲಂಡ್ ಎದ್ದ. ಅವನ ಮಾತು ಚಳಿಗಾಲದ ಟ್ರ್ಯಾಕ್ಟರ್ ಇದ್ದ ಹಾಗೆ, ಶುರುವಾಗುವುದಕ್ಕೇ ಹೊತ್ತು ಹಿಡಿಯುತ್ತದೆ.

"ಹೋದ ವರ್ಷ ಮಂಜುಗಡ್ಡೆ ಮೇಲೆ ಕಾರು ಜಾರಿ ನಮ್ಮ ಡೆಪ್ಯುಟಿ ಹುಡುಗ ಹೋದ್ನಲ್ಲ," ಅಂದ, "ಅವನ್ನ ಮಣ್ಣು ಮಾಡೋತನಕ ನನ್ನ ಕುರ್ಚೀಲಿ ಕೂತು ನನ್ನ ಕೌಂಟಿ ಕಾದೋನು ಈ ಓರಿನ್. ನಾನು ಕರೆದಿರಲಿಲ್ಲ, ಬಂದ. ಆ ಋಣ ನನ್ನ ಮೇಲಿದೆ. ನಿಮ್ಮ ಪದ್ಧತಿ ಪ್ರಕಾರ ಅದನ್ನ ತೀರಿಸಬೇಕಾದ್ರೆ ಇವನ ಮನೇಲಿ ಯಾರಾದ್ರೂ ಸಾಯ್ಲಿ ಅಂತ ನಾನು ಕಾಯ್ತಾ ಕೂರಬೇಕಾ?"

ಎಲ್ಡನ್ ತಟ್ಟೆಯಲ್ಲಿದ್ದ ಪೈ ಚೂರುಗಳನ್ನು ಫೋರ್ಕಿನಿಂದ ಒಟ್ಟುಗೂಡಿಸಿ, ಆಮೇಲೆ "ಒಪ್ಪೋರು ಕೈ ಎತ್ತಿ," ಅಂದ. ಎತ್ತದೆ ಉಳಿದದ್ದು ಓರಿನ್ ಒಬ್ಬನದೇ.

ಅದೇ ಕಷ್ಟ. ಒಂದು ಕೌಂಟಿಯ ಶೆರಿಫ್ ಎದೆಗೆ ಚುಚ್ಚಿಕೊಂಡ ನಕ್ಷತ್ರದ ಬಿಲ್ಲೆಗೆ ಇನ್ನೊಂದು ಕೌಂಟಿಯಲ್ಲಿ ಕವಡೆ ಕಿಮ್ಮತ್ತಿಲ್ಲ. ಅಲ್ಲಿಯ ಶೆರಿಫ್ ಎದುರು ನಿಲ್ಲಿಸಿ ಪ್ರಮಾಣ ಮಾಡಿಸಿದರಷ್ಟೇ ಅಧಿಕಾರ. ಅಂದರೆ ಸಂಘ ಕೈ ಎತ್ತಿ ಏನು ಬಂತು, ಓರಿನ್ ಬಾಯಿ ಬಿಡಬೇಕಲ್ಲ.

ಶನಿವಾರ ಬೆಳಿಗ್ಗೆ ಲೀಲಂಡ್ ನಮ್ಮ ಕಚೇರಿಗೆ ಬಂದ. ಅವನ ಹಿಂದೆಯೇ ಎಲ್ಡನ್ ತನ್ನ ಕಾರಿಂದ ಇಳಿದ.

"ನೀನ್ಯಾಕೆ ಬಂದೆ?" ಅಂದೆ.

"ಅಧ್ಯಕ್ಷ ಅಲ್ವೇನಮ್ಮ. ಬೋರ್ಡ್ ನೆಟ್ಟರೆ ನನ್ನ ಹೆಸರೂ ಇರಲಿ," ಅಂದು ಓರಿನ್ ಎದುರು ಹೋಗಿ ಬಲಗೈ ಎತ್ತಿ ನಿಂತ. "ಹೇಳಿಸಪ್ಪ. ಕೈ ನೋಯುತ್ತೆ."

ಓರಿನ್ ಅವನನ್ನೇ ನೋಡುತ್ತಿದ್ದ. ಮೈಮೇಲೆ ಸೂಟು, ಸೊಂಟದಲ್ಲಿ ಇನ್ನೂ ಪಿಸ್ತೂಲಿನ ಬೆಲ್ಟು. ಕೊನೆಗೆ ಗಂಟಲು ಸರಿ ಮಾಡಿಕೊಂಡು ಪ್ರಮಾಣದ ಮಾತು ಶುರು ಮಾಡಿದ. ಇಬ್ಬರೂ ಶಾಲೆ ಹುಡುಗರ ಹಾಗೆ ಒಪ್ಪಿಸಿದರು. ಮುಗಿದದ್ದೇ ತಡ ಓರಿನ್ ಬೆಲ್ಟು ಬಿಚ್ಚಿ ನನ್ನ ಮೇಜಿನ ಮೇಲಿಟ್ಟ, ಆದರೆ ಬಾಗಿಲ ಕಡೆ ಹೋಗಲಿಲ್ಲ.

"ಬಕ್ಕನ್ ಅಜ್ಜಿ ಫೋನ್ ಮಾಡ್ತಾಳೆ, ಕೊಟ್ಟಿಗೇಲಿ ಕಳ್ಳ ಇದ್ದಾನೆ ಅಂತ. ಗಾಳಿ ಅದು. ಆದ್ರೂ ಹೋಗಿ ನೋಡಬೇಕು. ಅವಳು ಕಾಫಿ ಕೊಟ್ರೆ ಬೇಡ ಅನ್ನಬಾರದು. ಮತ್ತೆ ಅವಳ ಹೋರಿ ರಸ್ತೆಗೆ ಬಂದ್ರೆ ಅಟ್ಟಬೇಡಿ, ಕಾಳಿನ ಬಕೆಟ್ಟು ಅಲ್ಲಾಡಿಸಿದ್ರೆ ಸಾಕು…"

"ಓರಿನ್," ಅಂದ ಲೀಲಂಡ್, "ನಿನ್ನ ಟೈ ಸೊಟ್ಟಗಿದೆ. ಹೋಗು."

ನನ್ನ ಜಾಗದಲ್ಲಿ ಲೀಲಂಡ್ ಕಚೇರಿಯ ಹುಡುಗಿ ಕೂತಳು. ನಾನು ಚರ್ಚಿನಲ್ಲಿ ನಡುದಾರಿಯ ಅಂಚಿನಲ್ಲೇ ಜಾಗ ಹಿಡಿದೆ. ಆರ್ಗನ್ ಶುರುವಾಯಿತು. ಎದುರುಗಡೆ ಕ್ಲೇಟನ್ ಬೆವರುತ್ತಾ ನಿಂತಿದ್ದ. ಸೋಲ್ವೇ ಅಪ್ಪನ ತೋಳು ಹಿಡಿದು ಬಂದಳು. ಸರಿಯಾಗಿ ನನ್ನ ಪಕ್ಕಕ್ಕೆ ಬರುವಾಗ ಹೊರಗೆ ಸೈರನ್ ಕೂಗಿತು. ಜೋರಾಗಿ, ಹೆದ್ದಾರಿ ಕಡೆಗೆ.

ಓರಿನ್ ನಿಂತುಬಿಟ್ಟ. ನನ್ನ ಕೈಯೂ ತಾನಾಗಿ ಮಡಿಲಲ್ಲಿ ಇಲ್ಲದ ಮೈಕು ತಡಕಾಡಿತು. ಸೋಲ್ವೇ ಮುಖ ತಿರುಗಿಸಲಿಲ್ಲ, ಅವನ ತೋಳನ್ನು ಎಳೆಯಲೂ ಇಲ್ಲ.

"ಯಾರ್ದಪ್ಪ ಅದು?" ಅಂದಳು, ಮೆಲ್ಲಗೆ.

ಓರಿನ್ ಕಿವಿಗೊಟ್ಟ. "ಎಲ್ಡನ್‌ದು," ಅಂದ. "ಅವನೇ ಹೋಗ್ತಿದ್ದಾನೆ."

ಸೈರನ್ ಗೋಧಿ ಹೊಲಗಳಾಚೆ ಸಣ್ಣದಾಗುತ್ತಾ ಹೋಯಿತು. ಆರ್ಗನ್ ನುಡಿಸುವಾಕೆ ಬಿಟ್ಟಿದ್ದ ಸಾಲನ್ನು ಮತ್ತೆ ಹಿಡಿದಳು. ಓರಿನ್ ಮಗಳ ಕೈಯನ್ನು ತೋಳಿನ ಮೇಲೆ ಸರಿಯಾಗಿ ಕೂರಿಸಿಕೊಂಡು ಬಲಗಾಲು ಮುಂದಿಟ್ಟ.