ಕೊರೀನ್‌ಗೆ ಬಿದ್ದ ಕರಿ ಗೋಲಿ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಆಮೇಲೆ ಯಾರೋ ಬಂದು ನಿಮ್ಮ ಕಿವಿ ಊದುವುದು ಬೇಡ. ನನ್ನ ಸೋದರಮಾವ ಸ್ಟಷ್‌ನ ಮಗಳು ಕೊರೀನ್ ನನಗಿಂತ ಮೂರು ವಾರಕ್ಕೆ ಚಿಕ್ಕವಳು. ಆ ಮೂರು ವಾರ ಬಿಟ್ಟರೆ ಇನ್ಯಾವುದರಲ್ಲೂ ನಾನು ಅವಳಿಗಿಂತ ಮುಂದೆ ಇದ್ದದ್ದಿಲ್ಲ. ಕೂದಲು ಅವಳದೇ ಚೆಂದ, ಓಟ ಅವಳದೇ ಜೋರು. ಚರ್ಚಿನ ಅಜ್ಜಿಯರು ನನ್ನ ತಟ್ಟೆಗೆ ಎರಡು ಪಿರೋಗಿ ಕಡುಬು ಹಾಕಿದರೆ ಅವಳ ತಟ್ಟೆಗೆ ಐದು.

ನಮ್ಮದು ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಊರು. ಗಣಿ ಮುಚ್ಚಿತು, ಫೈರ್ ಸ್ಟೇಷನ್ ಮುಚ್ಚಲಿಲ್ಲ. ಅಲ್ಲಿ ಸಂಬಳದವರು ಒಬ್ಬರೂ ಇಲ್ಲ. ಇರುವುದು ಸೈರನ್ ಕೂಗಿದ ತಕ್ಷಣ ಊಟ ಬಿಟ್ಟು ಓಡಿಬರುವ ಊರಿನವರೇ, ಇಪ್ಪತ್ತೆರಡು ಜನ. ಸ್ಟಷ್ ಮಾಮ ಅವರಿಗೆಲ್ಲ ಮುಖ್ಯಸ್ಥ. ನೀರಿನ ಲಾರಿ ಓಡಿಸುವುದು ನನ್ನಪ್ಪ. ಹದಿನೆಂಟು ತುಂಬಿದ ಮೇಲೆ ನಾವಿಬ್ಬರೂ ಸೇರಿಕೊಂಡಿದ್ದೆವು.

ವರ್ಷಕ್ಕೆ ಒಬ್ಬರನ್ನು ಸ್ಟೇಷನ್ ತನ್ನ ಖರ್ಚಿನಲ್ಲಿ ಜಿಲ್ಲೆಯ ಕಾಲೇಜಿಗೆ ಕಳಿಸುತ್ತದೆ, ಎರಡು ವರ್ಷದ ಅಗ್ನಿಶಾಮಕ ಕೋರ್ಸಿಗೆ. ಅದನ್ನು ಮುಗಿಸಿದರೆ ದೊಡ್ಡ ಪಟ್ಟಣದಲ್ಲಿ ಸಂಬಳದ ಕೆಲಸ. ನನಗೆ ಬೇಕಾಗಿದ್ದು ಅದೊಂದೇ, ಬೇರೆ ದಾರಿಯೂ ಇರಲಿಲ್ಲ. ಕೊರೀನ್ ಮಾತ್ರ ಅದಕ್ಕೂ ಅರ್ಜಿ ಹಾಕಿದಳು, ಅದೇ ಕಾಲೇಜಿನ ಪೊಲೀಸ್ ಕೋರ್ಸಿಗೂ ಹಾಕಿದಳು.

"ಎರಡು ದೋಣಿ ಮೇಲೆ ಕಾಲಿಡ್ತೀಯಲ್ಲೇ," ಅಂದೆ.

"ಬೇಕಾಗಿರೋದು ಫೈರೇ ಕಣೇ ಬರ್ನಿ. ಇನ್ನೊಂದು ಸುಮ್ನೆ ಇರ್ಲಿ ಅಂತ. ನೀನ್ಯಾಕೆ ಉರ್ಕೋತೀಯ?" ಎಂದು ನಕ್ಕಳು. ಹಾಳಾದ ನಗುವೂ ಅವಳದೇ ಚೆಂದ.

ಮಾರ್ಚ್‌ನಲ್ಲಿ ಪರೀಕ್ಷೆ ನಡೆಯಿತು. ನೀರಿನ ಪೈಪು ಹೊತ್ತು ನಾಲ್ಕು ಮಹಡಿ ಹತ್ತಬೇಕು, ಇಳಿದು ಬಂದು ಆಳಿನ ತೂಕದ ಗೊಂಬೆಯನ್ನು ಅಂಗಳದುದ್ದಕ್ಕೂ ಎಳೆಯಬೇಕು. ನಾನು ಸತ್ತು ಕೆಟ್ಟು ಮುಗಿಸಿದೆ. ಅವಳು ನನಗಿಂತ ಹನ್ನೊಂದು ಸೆಕೆಂಡು ಮೊದಲು ಮುಗಿಸಿ, ನೀರು ಕುಡಿಯುತ್ತ ನಿಂತು ನನಗೇ ಚಪ್ಪಾಳೆ ತಟ್ಟುತ್ತಿದ್ದಳು. ಪಟ್ಟಿಯಲ್ಲಿ ಮೊದಲು ಅವಳ ಹೆಸರು, ಎರಡನೆಯದು ನನ್ನದು.

ಆದರೆ ಪಟ್ಟಿಯಲ್ಲಿ ಬಂದರೆ ಸಾಲದು, ಬಿಳಿ ಗೋಲಿ ಬೀಳಬೇಕು. ಇದು ನಮ್ಮ ಮುತ್ತಜ್ಜಂದಿರ ಪದ್ಧತಿ. ಯಾರ ಹೆಸರು ಬಂದಿದೆಯೋ ಅವರು ಆಚೆ ಹೋಗಬೇಕು. ಉಳಿದವರು ಒಬ್ಬೊಬ್ಬರಾಗಿ ಮರದ ಪೆಟ್ಟಿಗೆಯೊಳಗೆ ಕೈಯಿಟ್ಟು, ಬಿಳಿ ಗೋಲಿಯನ್ನೋ ಕರಿ ಗೋಲಿಯನ್ನೋ ತೂತಿಗೆ ಬಿಡಬೇಕು. ಯಾರು ಯಾವುದನ್ನು ಬಿಟ್ಟರೆಂದು ಪಕ್ಕದವನಿಗೂ ಕಾಣದು. ಒಂದೇ ಒಂದು ಕರಿ ಬಿದ್ದರೂ ಆ ಹೆಸರು ಹೋಯಿತು, ಮುಂದಿನ ಹೆಸರು ಬಂತು. ಇಪ್ಪತ್ತು ವರ್ಷದಿಂದ ಕರಿ ಬಿದ್ದಿರಲಿಲ್ಲ.

ಕೊರೀನ್ ಆಚೆ ಹೋದಳು. ನನ್ನ ಸರದಿ ಬಂದಾಗ ಕರಿ ಗೋಲಿಯನ್ನು ಎತ್ತಿಕೊಂಡೆ. ಸುಳ್ಳು ಯಾಕೆ ಹೇಳಲಿ, ಎತ್ತಿಕೊಂಡೆ. ಐದು ಕಡುಬು ನೆನಪಾಯಿತು, ಚಪ್ಪಾಳೆ ನೆನಪಾಯಿತು. ಆ ಹನ್ನೊಂದು ಸೆಕೆಂಡೂ ನೆನಪಾಯಿತು. ಗೆದ್ದವಳು ಅವಳು. ಥೂ ನನ್ನ ಜನ್ಮಕ್ಕೆ ಎಂದುಕೊಂಡು ಕರಿಯನ್ನು ಅಲ್ಲೇ ಇಟ್ಟು ಬಿಳಿಯನ್ನು ಬಿಟ್ಟೆ.

ಪೆಟ್ಟಿಗೆ ತೆರೆದರು. ಇಪ್ಪತ್ತು ಬಿಳಿ, ಒಂದು ಕರಿ.

ಎಲ್ಲರೂ ನನ್ನ ಕಡೆ ತಿರುಗಿದರು. ಅಪ್ಪ ತನ್ನ ಬೂಟು ನೋಡಿಕೊಂಡ. ಒಳಗೆ ಬಂದ ಕೊರೀನ್ ಪೆಟ್ಟಿಗೆಯತ್ತ ಒಮ್ಮೆ, ನನ್ನತ್ತ ಒಮ್ಮೆ ನೋಡಿದಳು. ಆಮೇಲೆ ನನ್ನ ಹೆಸರು ಬಂತು, ನಾನು ಆಚೆ ಹೋಗಿ ನಿಂತೆ. ಕರೆದಾಗ ಬಂದು ನೋಡಿದರೆ ಇಪ್ಪತ್ತೊಂದೂ ಬಿಳಿ. ಸೇಡು ತೀರಿಸಿಕೊಳ್ಳಬಹುದಾಗಿದ್ದವಳು ಅವಳೂ ಬಿಳಿಯನ್ನೇ ಹಾಕಿದ್ದಳು. ಅದರಲ್ಲೂ ಅವಳೇ ಮೇಲಾದಳು ನೋಡಿ.

ಮೆಟ್ಟಿಲ ಬಳಿ ಅವಳನ್ನು ತಡೆದೆ. "ನಾನು ಹಾಕಿಲ್ಲ ಕಣೇ."

"ಹೌದಾ? ಇಲಿ ಬಂದು ಹಾಕ್ತಾ?" ಅಂದಳು. "ಸಿಕ್ತಲ್ಲ, ಓದ್ಕೋ ಹೋಗು. ನಾಳೆ ಹೋಗಿ ಪೊಲೀಸ್ ಕೋರ್ಸಿಗೆ ಸೈನ್ ಮಾಡ್ತೀನಿ ನಾನು."

ಮರುದಿನವೇ ಹೋಗಿ ಸಹಿ ಹಾಕಿ ಬಂದಳು. ಊರೆಲ್ಲ ನನ್ನನ್ನು ಕಂಡರೆ ಮಾತು ನಿಲ್ಲಿಸತೊಡಗಿತು. ನಾನೇ ಕರಿ ಹಾಕಿಬಿಟ್ಟಿದ್ದರೆ ಹಾಕಿದ ಸುಖವಾದರೂ ಇರುತ್ತಿತ್ತು.

ಶುಕ್ರವಾರ ಬಂತು. ಈಸ್ಟರ್‌ವರೆಗೆ ಚರ್ಚಿನ ವ್ರತ, ಶುಕ್ರವಾರ ಮಾಂಸ ತಿನ್ನುವಂತಿಲ್ಲವಲ್ಲ, ಊರಿಗೆಲ್ಲ ಸ್ಟೇಷನ್ನಿನಲ್ಲೇ ಪಿರೋಗಿ. ಮಧ್ಯಾಹ್ನ ಅಡುಗೆಮನೆಯಲ್ಲಿ ಮಾಮನೂ ನಾನೂ ಇಬ್ಬರೇ. ಅವನು ಹಿಟ್ಟು ಲಟ್ಟಿಸುತ್ತಿದ್ದ, ನಾನು ಆಲೂಗಡ್ಡೆ ತುಂಬಿ ಅಂಚು ಒತ್ತುತ್ತಿದ್ದೆ. ತಡೆಯಲಾಗಲಿಲ್ಲ.

"ಮಾಮ, ನಾನು ಬಿಳಿನೇ ಹಾಕಿದ್ದು. ಅಮ್ಮನಾಣೆ."

"ಗೊತ್ತು ಮಗಾ."

"ನಿಂಗೆ ಹೇಗೆ ಗೊತ್ತು?"

ಬಾಗಿಲ ಕಡೆ ಒಮ್ಮೆ ನೋಡಿ ಮೆಲ್ಲಗೆ ಹೇಳಿದ. "ಕರಿ ಹಾಕಿದ್ದು ನಾನು."

ಕೈಯಲ್ಲಿದ್ದ ಕಡುಬು ಒಡೆದುಹೋಯಿತು. "ನಿನ್ನ ಮಗಳಿಗಾ?"

"ಮಗಳು ಅಂತಲೇ ಹಾಕ್ದೆ. ಈ ಕೈಯಲ್ಲಿ ಇಬ್ಬರನ್ನ ಹೊಗೆಯೊಳಗಿಂದ ಎತ್ಕೊಂಡು ಬಂದಿದೀನಿ. ನಮ್ಮವ್ರೇ, ಜತೆಗೆ ಒಳಗೆ ಹೋದವ್ರು. ಒಬ್ಬನಿಗೂ ಜೀವ ಇರ್ಲಿಲ್ಲ. ಕಣ್ಣು ಮುಚ್ಚಿದ್ರೆ ಮೂರನೆಯವಳಾಗಿ ಇವಳೇ ಬರ್ತಾಳೆ." ಲಟ್ಟಣಿಗೆಯನ್ನು ಪಕ್ಕಕ್ಕಿಟ್ಟ. "ಪೊಲೀಸ್ ಕೆಲಸದಲ್ಲಿ ಎದುರಿಗಿರೋನಾದ್ರೂ ಕಾಣ್ತಾನೆ. ಅವಳಿಗೆ ಗೊತ್ತಾದ್ರೆ ನನ್ನ ಮುಖ ನೋಡಲ್ಲ ಬರ್ನಿ. ಅನುಮಾನ ನಿನ್ನ ಮೇಲೆ ಹೇಗೂ ಬಂದಿದೆ, ನೀನೇ ಒಂಚೂರು ತಡ್ಕೋ."

ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಬಾಯಿಗೆ ಬಂದದ್ದು ಬೇರೆಯೇ ಪ್ರಶ್ನೆ.

"ನನ್ನ ಹೆಸರು ಬಂದಾಗ ಏನು ಹಾಕ್ದೆ ಮಾಮ?"

"ಬಿಳಿ," ಎಂದ, ತಡವರಿಸದೆ, ಹೆಮ್ಮೆಯಿಂದಲೇ. "ನೀನು ಗಟ್ಟಿ ಹುಡುಗಿ, ನಿಂಗೇನು? ನಿಮ್ಮಪ್ಪನೂ ಹಿಂದೆಮುಂದೆ ನೋಡ್ದೆ ಹಾಕ್ದ."

ಇಪ್ಪತ್ತೊಂದು ಜನ, ಹೆತ್ತ ಅಪ್ಪನೂ ಸೇರಿ. ನಾನು ಆ ಹೊಗೆಯೊಳಗೆ ಹೋಗುವುದಕ್ಕೆ ಒಬ್ಬರ ಕೈಯೂ ಅಡ್ಡ ಬಂದಿರಲಿಲ್ಲ. ಬೇಕೆಂದ ಸೀಟು ನ್ಯಾಯವಾಗಿಯೇ ಸಿಕ್ಕಿತ್ತು. ಆದರೂ ಹೊಟ್ಟೆ ಹಿಂದೆಂದೂ ಉರಿಯದ ಹಾಗೆ ಉರಿಯಿತು. ಕೂದಲಿಗೆ, ಓಟಕ್ಕೆ, ಕಡುಬಿಗೆ ಉರಿದದ್ದೆಲ್ಲ ಏನೂ ಅಲ್ಲ. ಆ ಕರಿ ಗೋಲಿ ನನಗೆ ಬೇಕಾಗಿತ್ತು.

"ಯಾರಿಗೂ ಹೇಳಲ್ಲ ಬಿಡು," ಅಂದೆ.

ಅಷ್ಟರಲ್ಲಿ ಕೊರೀನ್ ತಟ್ಟೆ ಒಯ್ಯಲು ಬಂದಳು. ನನ್ನ ಕಡೆ ನೋಡಲಿಲ್ಲ. ಮಾಮ ಅವಳನ್ನು ನಿಲ್ಲಿಸಿ, ಕೆನ್ನೆಗೆ ಅಂಟಿದ್ದ ಹಿಟ್ಟನ್ನು ಹೆಬ್ಬೆರಳಿನಿಂದ ಒರೆಸಿ ಕಳಿಸಿದ. ಹಿಟ್ಟು ನನ್ನ ಕೆನ್ನೆಯ ಮೇಲೂ ಇತ್ತು.