ಭಾವ ಕೈ ತೋರಿದ ಕಡೆ

ಇಪ್ಪತ್ತಾರು ವರ್ಷಗಳಿಂದ ಭಾವ ಎಲ್ಲಿ ಕೈ ತೋರಿಸುತ್ತಿದ್ದನೋ ಅಲ್ಲೇ ಬಲೆ ಬೀಳುತ್ತಿತ್ತು. ದೋಣಿ ನಡೆಸುವುದು, ಬಲೆ ಎಳೆಯುವುದು ಬಾಮೈದನ ಕೆಲಸ. ಜಾಗ ಹೇಳುವುದು ಮಾತ್ರ ಭಾವನದು. ಜಲಾಶಯದ ದಡದಲ್ಲಿ ಎಲ್ಲರೂ ಅವನನ್ನು ‘ತಳ ಬಲ್ಲವನು’ ಎಂದೇ ಕರೆಯುತ್ತಿದ್ದರು. ಆದರೆ ಮೂರು ವರ್ಷದಿಂದ ಬಲೆ ಹಗುರವಾಗಿ ಮೇಲೆ ಬರುತ್ತಿತ್ತು. ತುಂಬಿದ ಬಲೆ ಎಳೆದಾಗ ಆಗದ ಸುಸ್ತು ಖಾಲಿ ಬಲೆ ಎಳೆದಾಗ ಆಗುತ್ತದೆಂದು ಬಾಮೈದನ ತೋಳುಗಳಿಗೆ ಚೆನ್ನಾಗಿ ಗೊತ್ತಾಗಿತ್ತು. ಬೆಳಿಗ್ಗೆ ಅಂಗಿ ಹಾಕಿಕೊಳ್ಳುವಾಗಲೇ ಬಲ ಭುಜ ಮೇಲೇಳುತ್ತಿರಲಿಲ್ಲ.

ಅಕ್ಕ ಮೀನು ಮಾರುಕಟ್ಟೆಯಲ್ಲಿ ಕೂರುವವಳು. ಬೇರೆಯವರ ಬುಟ್ಟಿಗಳು ತುಂಬಿ ಬರುವುದನ್ನು ದಿನವೂ ನೋಡುವವಳು ಅವಳೇ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಮಾತು ತೆಗೆದಳು.

“ಅವರ ದೋಣೀಲೆಲ್ಲ ಒಂದು ಪೆಟ್ಟಿಗೆ ಇದೆಯಂತೆ. ನೀರಿನ ತಳ, ಮೀನು ಎಲ್ಲಾ ತೋರಿಸತ್ತಂತೆ. ನಾವೂ ಒಂದು ತರೋಣ.”

“ಅಂಗೈ ಹುಣ್ಣಿಗೆ ಕನ್ನಡಿ ಬೇಕೇನೇ?” ಎಂದ ಭಾವ, ತಟ್ಟೆಯಿಂದ ತಲೆ ಎತ್ತದೆ.

“ಹುಣ್ಣು ಅಂಗೈಯಲ್ಲಿದ್ರೆ ಬೇಡ. ಮೂವತ್ತು ಅಡಿ ನೀರಿನ ಕೆಳಗಿದ್ರೆ ಬೇಕು.”

ಅಕ್ಕ ಹೀಗೆ ಅಂದಮೇಲೆ ಮುಗಿಯಿತು. ಮರುದಿನ ಮೂವರೂ ಅಂಗಡಿಗೆ ಹೋದರು.

ಅಂಗಡಿಯವನು ದಿನವಿಡೀ ನಿಂತು ಕಾಲು ಸೋತವನಂತೆ ಗಾಜಿನ ಕಪಾಟಿಗೆ ಒರಗಿದ್ದ. “ನಿಮ್ಮ ನೀರು ಎಷ್ಟು ಆಳ?” ಎಂದು ಕೇಳಿದ. ಅಕ್ಕ, ತಮ್ಮ ಇಬ್ಬರೂ ಭಾವನ ಮುಖ ನೋಡಿದರು.

“ಕೆಲವು ಕಡೆ ಮೂವತ್ತು... ಕೆಲವು ಕಡೆ ಜಾಸ್ತಿ,” ಎಂದ ಭಾವ. ದಡದಲ್ಲಿ ಮಾತಾಡುವ ದನಿ ಅದಾಗಿರಲಿಲ್ಲ.

“ಹಾಗಾದ್ರೆ ಸಮುದ್ರಕ್ಕೆ ಹೋಗೋರ ದೊಡ್ಡದು ನಿಮಗೆ ದಂಡ. ಇದು ಸಾಕು. ದೋಣಿ ಹಿಂದೆ ಈ ಸೆನ್ಸರ್ ಕಟ್ಟಬೇಕು. ಅದು ಕೆಳಗೆ ಸದ್ದು ಕಳಿಸತ್ತೆ, ತಳಕ್ಕೆ ಬಡಿದು ವಾಪಸ್ ಬಂದದ್ದನ್ನ ಪರದೇಲಿ ಬರೆಯತ್ತೆ.”

ಅಕ್ಕ ಪೆಟ್ಟಿಗೆಯನ್ನು ಬಾಗಿಲ ಹೊರಗೆ ಕೊಂಡುಹೋಗಿ ಬಿಸಿಲಿಗೆ ಹಿಡಿದು ನೋಡಿದಳು. ಪರದೆ ಕಾಣುತ್ತಿತ್ತು. “ಇದೇ ಇರಲಿ,” ಎಂದಳು.

ಮೊದಲ ದಿನ ಸೆನ್ಸರನ್ನು ಇಂಜಿನ್ನಿಗೆ ತೀರಾ ಹತ್ತಿರ ಕಟ್ಟಿಬಿಟ್ಟಿದ್ದರು. ನೊರೆಯೆಲ್ಲ ಅದರ ಕೆಳಗೆ ನುಗ್ಗಿ ಪರದೆಯ ತುಂಬ ಬರೀ ಚುಕ್ಕಿ. ಎರಡನೆಯ ದಿನ ಜಾಗ ಬದಲಿಸಿದಾಗ ಪುಟ್ಟ ಪುಟ್ಟ ಮೀನಿನ ಚಿತ್ರಗಳು ಸಾಲುಗಟ್ಟಿ ಬಂದವು. ಬಾಮೈದ ಹಿಗ್ಗಿ ಬಲೆ ಬಿಟ್ಟ. ಸಿಕ್ಕಿದ್ದು ಒಂದು ಹೊರೆ ಜೊಂಡು. ಮನೆಗೆ ಬಂದು, ಜೊತೆಗೆ ಕೊಟ್ಟ ಪುಸ್ತಕವನ್ನು ಮೊಣಕಾಲ ಮೇಲಿಟ್ಟುಕೊಂಡು ಓದಿದ. ಮೀನಿನ ಚಿತ್ರ ಪೆಟ್ಟಿಗೆಯ ಊಹೆ ಮಾತ್ರ, ಜೊಂಡು ತೇಲಿದರೂ ಅದನ್ನೇ ತೋರಿಸುತ್ತದೆ. ಆ ಚಿತ್ರ ಬರದಂತೆ ಮಾಡಿ, ಬಿಲ್ಲಿನಂತೆ ಬಾಗಿದ ಗೆರೆ ಹುಡುಕಬೇಕು. ತಳದ ಗೆರೆ ದಪ್ಪಗಿದ್ದರೆ ಕಲ್ಲು, ಮಸುಕಾಗಿದ್ದರೆ ಕೆಸರು. ಪರದೆಯ ಬಲ ಅಂಚಿನಲ್ಲಿರುವುದು ಮಾತ್ರ ಈ ಹೊತ್ತಿನದು, ಉಳಿದದ್ದೆಲ್ಲ ದಾಟಿ ಬಂದ ನೀರು.

ಇಷ್ಟು ದಿನವೂ ಭಾವ ಪೆಟ್ಟಿಗೆಗೆ ಬೆನ್ನು ಹಾಕಿ ದೋಣಿಯ ಮುಂತುದಿಯಲ್ಲೇ ಕೂತಿದ್ದ. ಅಲ್ಲಿಂದಲೇ ಕೈ ತೋರಿಸುತ್ತಿದ್ದ.

ನಾಲ್ಕನೆಯ ಬೆಳಿಗ್ಗೆ ಅವನು ‘ಬಾಣಲೆ’ಯ ಕಡೆ ಕೈ ತೋರಿದ. ಅದು ಅವನೇ ಹೆಸರಿಟ್ಟ ಗುಂಡಿ. ನಲವತ್ತು ಅಡಿ ಆಳವೆಂದು, ದೊಡ್ಡ ಮೀನು ಅಲ್ಲೇ ಮಲಗುತ್ತದೆಂದು ಹೇಳುತ್ತಿದ್ದ. ಮೂರು ವರ್ಷದಲ್ಲಿ ವಾರಕ್ಕೆರಡು ಸಲವಾದರೂ ಅಲ್ಲಿ ಬಲೆ ಬಿಟ್ಟಿದ್ದರು. ಪರದೆ ಹನ್ನೊಂದು ಅಡಿ ಎಂದಿತು. ಗೆರೆ ಮಸುಕು ಮಸುಕು.

ಪೆಟ್ಟಿಗೆ ಕೆಟ್ಟಿರಬೇಕೆಂದು ಬಾಮೈದ ಅದರ ಬಟನ್ನುಗಳನ್ನೆಲ್ಲ ಒತ್ತಿ ನೋಡಿದ. ಕೊನೆಗೆ ಹಗ್ಗಕ್ಕೆ ಕಬ್ಬಿಣದ ತುಂಡು ಕಟ್ಟಿ ಇಳಿಬಿಟ್ಟ. ಹನ್ನೊಂದಕ್ಕೇ ಅದು ಮೆತ್ತಗೆ ಹೂತುಕೊಂಡಿತು.

“ಭಾವ, ಇಲ್ಲಿ ಬರೀ ಹೂಳು.”

“ಗೊತ್ತು,” ಎಂದ ಭಾವ, ತಿರುಗದೆ.

“ಗೊತ್ತಾ?”

“ಮೂರು ವರ್ಷದ ಹಿಂದೆ ಆ ದೊಡ್ಡ ಮಳೆ ಬಂತಲ್ಲ, ಆಗ ತುಂಬಿಹೋಯ್ತು. ನೀನು ಜ್ವರ ಬಂದು ಮಲಗಿದ್ದಾಗ ಒಬ್ನೇ ಬಂದು ಗಳ ಇಳಿಸಿ ನೋಡಿದ್ದೆ. ಇದೊಂದೇ ಅಲ್ಲ, ಎಲ್ಲಾ ಕಡೆ ತಳ ಬದಲಾಗಿದೆ. ನಂಗೀಗ ಏನೂ ಗೊತ್ತಾಗಲ್ಲ ಕಣೋ. ಮನಸ್ಸಿಗೆ ಬಂದ ಕಡೆ ಕೈ ತೋರಿಸ್ತಿದ್ದೆ.”

ಬಾಮೈದನ ಕೈಯಲ್ಲಿ ಹಗ್ಗ ಹಾಗೇ ಇತ್ತು. ಗಾಳಿ ಗುದ್ದಿ ಮೈ ನೋಯಿಸಿಕೊಂಡ ಮೂರು ವರ್ಷ ಒಮ್ಮೆಗೇ ಭುಜಕ್ಕೆ ಬಂದು ಕೂತಂತಾಯಿತು.

“ಒಂದು ಮಾತು ಹೇಳ್ಬಹುದಿತ್ತಲ್ಲ ಭಾವ?”

“ಹೇಗೆ ಹೇಳಲಿ? ನಾನು ಕೈ ಪೂರ್ತಿ ಎತ್ತೋ ಮುಂಚೆನೇ ನೀನು ದೋಣಿ ತಿರುಗಿಸ್ತಿದ್ದೆ.” ಭಾವ ಈಗ ತಿರುಗಿದ. ಕಣ್ಣು ಕೆಂಪಾಗಿತ್ತು. “ತಳ ಬಲ್ಲವನು ಹಗ್ಗ ಇಳಿಬಿಟ್ಟು ಅಳೀತಿದ್ದಾನೆ ಅಂತ ದಡದಲ್ಲಿ ನಗಲ್ವಾ? ಗೊತ್ತಿಲ್ಲದ್ದನ್ನ ಗೊತ್ತು ಅಂತ ದಿನಾ ತೋರಿಸ್ಕೊಳ್ಳೋದಿದೆಯಲ್ಲ... ಅದಕ್ಕಿಂತ ಬಲೆ ಎಳೆಯೋದು ವಾಸಿ. ಸಾಕಾಗಿದೆ ಕಣೋ.”

ಬೈಯಬೇಕೆಂದುಕೊಂಡ ಬಾಮೈದನಿಗೆ ಬೈಯುವಷ್ಟೂ ಕಸುವಿರಲಿಲ್ಲ. ಹಗ್ಗ ಸುತ್ತಿಟ್ಟು ಇಂಜಿನ್ ಚಾಲೂ ಮಾಡಿದ. ದೋಣಿ ಮೆಲ್ಲಗೆ ಪೂರ್ವದ ದಡದುದ್ದಕ್ಕೂ ಸಾಗಿತು. ಹದಿನೈದು, ಹದಿನೆಂಟು, ಆಮೇಲೆ ಒಮ್ಮೆಗೇ ಮೂವತ್ತೆರಡು. ತಳದ ಗೆರೆ ದಪ್ಪಗಾಯಿತು. ಅದರ ಮೇಲೆ ಎರಡು ಬಾಗಿದ ಗೆರೆ, ಸ್ವಲ್ಪ ಮುಂದೆ ಇನ್ನೊಂದು.

“ಇಲ್ಲಿ ಹಾಕೋಣ್ವಾ?” ಎಂದು ಕೇಳಿದವನು ಭಾವ.

“ನಂಗೂ ಗೊತ್ತಿಲ್ಲ. ಹಾಕಿ ನೋಡೋಣ.”

ಬಲೆ ಬಿಟ್ಟು ಕಾಯುವಾಗ ಭಾವ ದೋಣಿಯ ನಡುವೆ ಹಗ್ಗದ ಸುರುಳಿಗೆ ತಲೆಯಿಟ್ಟು ಮಲಗಿದ. ಐದು ನಿಮಿಷಕ್ಕೆ ಗೊರಕೆ. ಇಷ್ಟು ವರ್ಷಗಳಲ್ಲಿ ಅವನು ನೀರಿನ ಮೇಲೆ ನಿದ್ದೆ ಮಾಡಿದ್ದನ್ನು ಬಾಮೈದ ನೋಡಿರಲಿಲ್ಲ. ಎಬ್ಬಿಸಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಬಲೆಯನ್ನು ಒಬ್ಬನೇ ಎಳೆದ. ಬುಟ್ಟಿಯ ಅರ್ಧಕ್ಕೂ ಕಡಿಮೆ ಬಂತು. ಆದರೂ ಅವು ಮೀನು, ಜೊಂಡಲ್ಲ.

ದಡದಲ್ಲಿ ಅಕ್ಕ ಬುಟ್ಟಿಯಲ್ಲಿ ಇಣುಕಿ, ಗಂಡನ ಕೆನ್ನೆಯ ಮೇಲೆ ಮೂಡಿದ್ದ ಹಗ್ಗದ ಗುರುತು ನೋಡಿದಳು.

“ಏನ್ರೀ, ಮಲಗಿದ್ರಾ?”

“ಹೂಂ,” ಎಂದ ಭಾವ. “ಅವನು ನೋಡ್ಕೊಂಡ.”

ಬಾಮೈದ ಬುಟ್ಟಿಯ ಒಂದು ಹಿಡಿ ಹಿಡಿದ, ಭಾವ ಇನ್ನೊಂದು ಹಿಡಿ ಹಿಡಿದ. ಮೂವರೂ ನಿಧಾನವಾಗಿ ಮೆಟ್ಟಿಲು ಹತ್ತಿದರು.